ಸೀಬರ್ಡ್ ನೋಡೋಕೆ ಹೋದದ್ದು

ನಮ್ಮ ಮಗಳಿಗೆ ಎಂಟು ವರ್ಷ. ದಸರಾ ರಜೆಯಲ್ಲಿ ಟಿವಿಯಲ್ಲಿ ಯಾವುದೋ ಸಾಕ್ಷ್ಯಚಿತ್ರ ನೋಡಿದಳು. ಎಲ್ಲೋ ಉತ್ತರದ ತಣ್ಣನೆ ಸಮುದ್ರದ ದಡದಲ್ಲಿ ಕಡಿದಾದ ಬಂಡೆ, ಬಂಡೆ ತುಂಬಾ ಸಾವಿರಾರು ಹಕ್ಕಿ, ಬಿರುಕಿಗೊಂದು ಮೊಟ್ಟೆ. ಬೆನ್ನಿಗೆ ಚೀಲ ಹಾಕ್ಕೊಂಡು ಒಂದು ಕುಟುಂಬ ಆ ಗುಡ್ಡದ ದಾರಿಯಲ್ಲಿ ನಡೆದು ಹೋಗಿ ಅದನ್ನೆಲ್ಲ ನೋಡುತ್ತೆ. ಮುಗಿದ ತಕ್ಷಣ ನನ್ನ ಲ್ಯಾಪ್‌ಟಾಪಿನ ಮುಂದೆ ಬಂದು ನಿಂತಳು. "ಅಪ್ಪಾ, ನಾವೂ ಸೀಬರ್ಡ್ ಗೂಡು ನೋಡೋಕೆ ಹೋಗೋಣ. ನಮ್ಮಲ್ಲೂ ಸಮುದ್ರ ಇದೆಯಲ್ಲ?"

ನಮ್ಮ ಮನೆ ಬನಶಂಕರಿ ಆರನೇ ಹಂತದಲ್ಲಿ. ಇಲ್ಲಿ ನಮಗೆ ಗೊತ್ತಿರೋ ಗೂಡು ಅಂದರೆ ಬಾಲ್ಕನಿ ಮೂಲೆಯಲ್ಲಿ ಪಾರಿವಾಳ ನಾಲ್ಕು ಕಡ್ಡಿ ಇಟ್ಟು ಕಟ್ಟೋದು, ನಾವು ಬಲೆ ಹಾಕಿಸಿ ಅದನ್ನ ಓಡಿಸೋದು. ಆದರೂ ಸಮುದ್ರ ಇರೋದು ನಿಜ, ಡಿಸೆಂಬರ್ ರಜೆ ಬರೋದೂ ನಿಜ. ರಾತ್ರಿ ಕೂತು ಕನ್ನಡದಲ್ಲೇ "ಸೀಬರ್ಡ್ ಕಾರವಾರ" ಅಂತ ಹುಡುಕಿದೆ. ಬಂದ ಮೊದಲ ಪುಟದಲ್ಲಿ ಒಂದೇ ಒಂದು ಹಕ್ಕಿ ಇರಲಿಲ್ಲ. ಯುದ್ಧನೌಕೆಗಳಿದ್ದವು. ಅದರ ಕೆಳಗೆ ಸೀಬರ್ಡ್ ನಿರಾಶ್ರಿತರ ಸಭೆ, ಸೀಬರ್ಡ್ ನಿರಾಶ್ರಿತರಿಗೆ ಪರಿಹಾರ, ಸೀಬರ್ಡ್ ನಿರಾಶ್ರಿತರ ಮನವಿ.

ಹೆಸರು ಕೇಳಿದ್ದೆ, ಪೇಪರಿನಲ್ಲಿ ಓದಿದ್ದೆ. ಆದರೆ ಆ ಪದದೊಳಗೆ ಹಕ್ಕಿ ಇದೆ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಮೊದಲು ಹಕ್ಕಿ ವಿಷಯ ಮುಗಿಸ್ತೀನಿ. ಮಗಳು ಕೇಳಿದಂಥದ್ದು, ಅಂದರೆ ದಡದಲ್ಲಿ ನಡೆದುಹೋಗಿ ಸಾವಿರ ಕಡಲಹಕ್ಕಿ ಗೂಡು ಕಟ್ಟಿರೋದನ್ನ ನೋಡೋದು ನಮ್ಮ ಕರಾವಳಿಯಲ್ಲಿ ಸಾಧ್ಯವಿಲ್ಲ. ಚಳಿಗಾಲದಲ್ಲಿ ಕಾರವಾರ, ತದಡಿ, ಮಲ್ಪೆ ಬಂದರಿನಲ್ಲಿ ಮೀನಿನ ದೋಣಿ ಹಿಂದೆ ಗಲಾಟೆ ಮಾಡೋ ಕಡಲಕ್ಕಿಗಳು ಇಲ್ಲಿಗೆ ಊಟಕ್ಕೆ ಬಂದವು. ಅವುಗಳಲ್ಲಿ ಕಂದುತಲೆಯ ಕಡಲಕ್ಕಿ ಬಾಣಂತನಕ್ಕೆ ಲಡಾಖ್, ಟಿಬೆಟ್‌ನ ಸರೋವರಗಳಿಗೇ ವಾಪಸ್ ಹೋಗುತ್ತೆ. ರೀವ ಅನ್ನೋ ಹಕ್ಕಿಯ ಕಡಲ ಬಳಗ ಮೊಟ್ಟೆ ಇಡೋಕೆ ಮನುಷ್ಯ ಇಲ್ಲದ ಬಂಡೆಯನ್ನೇ ಹುಡುಕುತ್ತೆ. ಗೋವಾ ದಾಟಿದರೆ ವೆಂಗುರ್ಲಾದ ಬಂಡೆಗಳು, ಅರಬ್ಬೀ ಸಮುದ್ರದೊಳಗೆ ದೂರ ಹೋದರೆ ಲಕ್ಷದ್ವೀಪದ ಪಿಟ್ಟಿ ಅನ್ನೋ ಮರಳುದಿಬ್ಬ. ಎಂಟು ವರ್ಷದ ಮಗು ನಡೆದು ಮುಟ್ಟೋ ಜಾಗಗಳಲ್ಲ.

ಉಳಿದದ್ದು ಒಂದೇ, ಬಿಳಿ ಹೊಟ್ಟೆಯ ಕಡಲ ಹದ್ದು. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಹತ್ತಿರ ಬರುತ್ತೆ. ಗಂಡು ಹೆಣ್ಣು ಜೋಡಿ ವರ್ಷಾ ವರ್ಷಾ ಅದೇ ಮರದ ಅದೇ ಗೂಡಿಗೆ ಬಂದು, ಹಳೇ ಕಡ್ಡಿ ಮೇಲೆ ಹೊಸ ಕಡ್ಡಿ ಇಟ್ಟು ರಿಪೇರಿ ಮಾಡ್ಕೊಂಡು ಸಂಸಾರ ಹೂಡ್ತಾವೆ. ಹಕ್ಕಿ ಬಲ್ಲವರ ಲೆಕ್ಕದಲ್ಲಿ ಇದು ಕಡಲಹಕ್ಕಿ ಅಲ್ಲ, ಕಡಲಂಚಿನ ಬೇಟೆಹಕ್ಕಿ. ಮಗಳಿಗೆ ಅದನ್ನ ಹೇಳೋಕೆ ಹೋಗಲಿಲ್ಲ.

ಊರಿಂದ ಅಪ್ಪ ಬಂದಿದ್ದರು, ಅವರನ್ನೂ ಹೊರಡಿಸಿದೆ. ನಾವು ನಾಲ್ಕು ಜನ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಗೋಕರ್ಣ ರೋಡಿನಲ್ಲಿ ಇಳಿದ್ವಿ. ಆಟೋದವರು ನಮ್ಮ ಚೀಲ, ಬೈನಾಕ್ಯುಲರ್ ಎಲ್ಲ ನೋಡಿ ಎಲ್ಲಿಗೆ ಅಂದರು. ನಾನು ಬಾಯಿ ಬಿಡೋದರೊಳಗೆ ಮಗಳು "ಸೀಬರ್ಡ್ ನೋಡೋಕೆ" ಅಂದಳು.

"ಸೀಬರ್ಡಾ? ಅದು ಇಲ್ಲಲ್ಲ ಪುಟ್ಟಿ, ಅರಗಾದಲ್ಲಿ. ಒಳಗೆ ಬಿಡೂದಿಲ್ಲ" ಅಂದರು ಆಟೋದವರು. ಆಮೇಲೆ ಗೇರ್ ಹಾಕುತ್ತಾ, ನನಗೆ ಹೇಳಿದರೋ ರಸ್ತೆಗೆ ಹೇಳಿದರೋ, "ನಮ್ಮ ಹೆಂಡ್ತಿ ತವರ್ಮನೆ ಸೀಬರ್ಡಿಗೆ ಹೋಯ್ತು" ಅಂದರು.

ಸೀಬರ್ಡಿಗೆ ಹೋಯ್ತು. ನಮ್ಮ ಕಡೆ ಡ್ಯಾಮಿಗೆ ಹೋಯ್ತು, ಸಾಲಕ್ಕೆ ಹೋಯ್ತು ಅಂತಾರಲ್ಲ, ಹಾಗೆ. ಹಿಂದಿನ ಸೀಟಿನಲ್ಲಿ ಅಪ್ಪ ಕಿವಿ ನೆಟ್ಟಗೆ ಮಾಡಿದ್ದು ಕನ್ನಡಿಯಲ್ಲಿ ಕಂಡಿತು.

ನಡೆದದ್ದು ಇಷ್ಟು. 1971ರ ಯುದ್ಧ ಆದಮೇಲೆ ನಮ್ಮ ನೌಕಾಪಡೆಗೆ ಮುಂಬೈ ಬಂದರು ಇಕ್ಕಟ್ಟು ಅನ್ನಿಸತೊಡಗಿತು. ವ್ಯಾಪಾರದ ಹಡಗೂ ಅಲ್ಲೇ, ಯುದ್ಧದ ಹಡಗೂ ಅಲ್ಲೇ. ಪಶ್ಚಿಮ ಕರಾವಳಿಯಲ್ಲಿ ತನ್ನದೇ ಆದ ಇನ್ನೊಂದು ದೊಡ್ಡ ನೆಲೆ ಬೇಕು ಅನ್ನೋ ಯೋಚನೆ ಎಂಬತ್ತರ ದಶಕದ ಆರಂಭದಲ್ಲಿ, ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಗಟ್ಟಿಯಾಯಿತು. ಜಾಗ ಕಾರವಾರದ ದಕ್ಷಿಣಕ್ಕೆ. ಒಂದು ಕಡೆ ಸಹ್ಯಾದ್ರಿ ಸಮುದ್ರದ ಹತ್ತಿರಕ್ಕೇ ಬಂದು ನಿಂತಿದೆ, ಇನ್ನೊಂದು ಕಡೆ ಆಳವಾದ ನೀರು, ಎದುರಿಗೆ ಗಾಳಿ ಅಲೆ ತಡೆಯೋ ನಡುಗಡ್ಡೆಗಳು. ನಕ್ಷೆ ಮುಂದಿಟ್ಟುಕೊಂಡು ನೋಡಿದರೆ ಯಾರಿಗಾದರೂ ಇದೇ ಜಾಗ ಅನ್ನಿಸುತ್ತೆ. ಪೋರ್ಚುಗೀಸರಿಗೂ ಅನ್ನಿಸಿತ್ತು. ಅಲ್ಮೇಡಾ 1505ರಲ್ಲಿ ಎದುರಿನ ಅಂಜದೀವ್ ನಡುಗಡ್ಡೆಯಲ್ಲಿ ಕೋಟೆ ಕಟ್ಟಲು ಹೊರಟಿದ್ದ.

1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಯೋಜನೆಯ ಹೆಸರು ಪ್ರಾಜೆಕ್ಟ್ ಸೀಬರ್ಡ್. ಕಾರವಾರ ಮತ್ತು ಅಂಕೋಲಾ ತಾಲ್ಲೂಕಿನ 13 ಹಳ್ಳಿ, 11 ಸಾವಿರ ಎಕರೆಗೂ ಹೆಚ್ಚು ಜಾಗ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ. ಅರಗಾ, ಬಿಣಗಾ, ಚೆಂಡಿಯಾ, ತೋಡೂರು, ಅಮದಳ್ಳಿ, ಹಾರವಾಡ, ಬೇಲೆಕೇರಿ, ಈ ಊರುಗಳ ಹೆಸರೆಲ್ಲ ಆ ಕಡತದಲ್ಲಿ ಸೇರಿಕೊಂಡವು. ಗದ್ದೆ, ತೋಟ ಇದ್ದವರ ಲೆಕ್ಕವೇನೋ ಗುಂಟೆಯಲ್ಲಿ ಬರೆಯಬಹುದು. ದೋಣಿ ಎಳೆದು ನಿಲ್ಲಿಸೋ ಮರಳು, ಬಲೆ ಒಣಗಿಸೋ ಜಾಗ, ಮೀನು ಎಲ್ಲಿ ಸಿಗುತ್ತೆ ಅನ್ನೋ ತಿಳಿವಳಿಕೆ, ಇದನ್ನೆಲ್ಲ ಯಾವ ಪಹಣಿಯಲ್ಲಿ ಹುಡುಕೋದು?

ಅಡಿಗಲ್ಲು ಬಿದ್ದ ತಕ್ಷಣ ಊರು ಏಳಲಿಲ್ಲ. ದೇಶದ ಹತ್ತಿರ ದುಡ್ಡಿರಲಿಲ್ಲ, 1991ರ ಹೊತ್ತಿಗಂತೂ ಚಿನ್ನ ಒತ್ತೆ ಇಡೋ ಸ್ಥಿತಿ. ಕೆಲಸ ಕುಂಟುತ್ತಾ ಹೋಯಿತು. ನನಗೆ ಇಡೀ ಕಥೆಯಲ್ಲಿ ಬಹಳ ಕಾಡಿದ್ದು ಈ ನಡುವಿನ ವರ್ಷಗಳೇ. ಯಾವತ್ತೋ ಒಂದು ದಿನ ಹೋಗೋದು ಖಚಿತ ಅಂತ ಗೊತ್ತಿರೋ ಮನೆಗೆ ಹಂಚು ಬದಲಾಯಿಸೋದಾ ಬೇಡವಾ? ತೆಂಗಿನ ಸಸಿ ಇಡೋದಾ? ಮಗನಿಗೆ ಹೆಣ್ಣು ನೋಡುವಾಗ ಮನೆ ಎಲ್ಲಿ ಅಂತ ಹೇಳೋದು? ಹತ್ತು ಹನ್ನೆರಡು ವರ್ಷ ಹಾಗೇ ಕಳೆದು, ತೊಂಬತ್ತರ ದಶಕದ ಕೊನೆಯಲ್ಲಿ ಊರುಗಳು ಖಾಲಿಯಾದವು. ಹೊಸ ಪುನರ್ವಸತಿ ಕಾಲೊನಿಗಳು ಎದ್ದವು. ಮೀನುಗಾರರಿಗೆ ಅಂತ ಅಮದಳ್ಳಿ ಹತ್ತಿರ ಮುದಗಾದಲ್ಲಿ ಬೇರೆ ಬಂದರು ಆಯಿತು. ಭೂಮಿಯ ಬೆಲೆ ಸಾಲದು ಅಂತ ಜನ ಕೋರ್ಟಿಗೆ ಹೋದರು, ಕೋರ್ಟು ಹೆಚ್ಚು ಮಾಡಿತು. ಆ ಹೆಚ್ಚಿನ ಹಣ ಕೈಗೆ ಬರೋ ಹೊತ್ತಿಗೆ ಅರ್ಜಿ ಹಾಕಿದವರ ಮಕ್ಕಳೇ ವಯಸ್ಸಾದವರಾಗಿದ್ದರು.

2005ರ ಮೇ 31ರಂದು ನೆಲೆ ಶುರುವಾಯಿತು. ಅದಕ್ಕಿಟ್ಟ ಹೆಸರು ಐಎನ್‌ಎಸ್ ಕದಂಬ. ಬನವಾಸಿ ಕದಂಬರ ಹೆಸರು, ಕೇಳೋಕೆ ಹೆಮ್ಮೆಯೇ. ಆದರೆ ಆ ಜಿಲ್ಲೆಯಲ್ಲಿ ಯಾರೂ ನಮ್ಮ ಮನೆ ಕದಂಬಕ್ಕೆ ಹೋಯ್ತು ಅನ್ನಲ್ಲ. ಕನ್ನಡದ ಹೆಸರು ಹಡಗಿನವರ ಬಾಯಲ್ಲಿದೆ, ಇಂಗ್ಲಿಷಿನ ಹಕ್ಕಿ ಹಳ್ಳಿಯವರ ಬಾಯಲ್ಲಿದೆ.

ಅಂಕೋಲಾದವರಿಗೆ ದೇಶಕ್ಕಾಗಿ ನೆಲ ಬಿಡೋದು ಹೊಸದೇನೂ ಆಗಿರಲಿಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದ ಊರು ಅದು. ಅದಕ್ಕಿಂತ ದೊಡ್ಡದು ಅದರ ಬೆನ್ನಿಗೇ ನಡೆದ ಕರನಿರಾಕರಣೆ. ಅಂಕೋಲಾ, ಸಿದ್ದಾಪುರದ ರೈತರು ಬ್ರಿಟಿಷರಿಗೆ ಕಂದಾಯ ಕಟ್ಟೋದಿಲ್ಲ ಅಂತ ಕೂತರು. ಸರ್ಕಾರ ಗದ್ದೆ ಜಪ್ತಿ ಮಾಡಿತು, ದನಕರು, ಪಾತ್ರೆ ಪರಡಿ ಹರಾಜು ಹಾಕಿತು. ನೂರಾರು ಕುಟುಂಬ ಜಮೀನು ಕಳಕೊಂಡವು. ಆಗ ಈ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1937ರಲ್ಲಿ ಅಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಮೇಲೆ ಆ ಜಮೀನು ವಾಪಸ್ ಕೊಡಿಸೋ ಕೆಲಸ ನಡೆಯಿತು. ಒಂದು ಸಲ ನೆಲ ಹೋಗಿ ತಿರುಗಿ ಬಂದದ್ದನ್ನ ಕಂಡ ತಾಲ್ಲೂಕು ಅದು. ಐವತ್ತು ವರ್ಷ ಕಳೆದು ಇನ್ನೊಂದು ಸಲ ದೇಶಕ್ಕಾಗಿ ಅಂತ ಕೇಳಿದಾಗ ಸ್ವಂತ ಸರ್ಕಾರವೇ ಕೇಳಿದ್ದು, ತಿರುಗಿ ಬರೋ ಮಾತಿರಲಿಲ್ಲ. ಈಗ ಅಲಗೇರಿ ಕಡೆ ವಿಮಾನ ನಿಲ್ದಾಣಕ್ಕೆ ಅಂತ ಮತ್ತೊಂದು ಸುತ್ತು.

ಕಾಂಗ್ರೆಸ್ ಅಂದಾಗ ಮತ್ತೆ ಹಕ್ಕಿಗೇ ಬರಬೇಕಾಗುತ್ತೆ. 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಮುಖ್ಯ ಹೆಸರು ಎ.ಓ. ಹ್ಯೂಮ್ ಅಂತ ನಾವೆಲ್ಲ ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಬರೆದವರು. ಆ ಮನುಷ್ಯ ಅದಕ್ಕೂ ಮುಂಚೆ ಹಕ್ಕಿ ಹುಚ್ಚಿನವನು. 'ಸ್ಟ್ರೇ ಫೆದರ್ಸ್' ಅಂತ ಹಕ್ಕಿಗಳಿಗೇ ಮೀಸಲಾದ ಪತ್ರಿಕೆ ನಡೆಸುತ್ತಿದ್ದ. 1875ರಲ್ಲಿ ಸರ್ವೆ ಹಡಗಿನಲ್ಲಿ ಪಶ್ಚಿಮ ಕರಾವಳಿ, ಲಕ್ಷದ್ವೀಪ ಸುತ್ತಿ, ಮರುವರ್ಷ ಅದೇ ಪತ್ರಿಕೆಯಲ್ಲಿ ಉದ್ದನೆಯ ಲೇಖನ ಬರೆದ. ಆ ಸುತ್ತಾಟದಲ್ಲಿ ನಮ್ಮ ನೇತ್ರಾಣಿಯೂ ಇತ್ತು. ಮುರ್ಡೇಶ್ವರದ ಎದುರಿಗೆ, ದಡದಿಂದ ಹತ್ತೊಂಬತ್ತು ಕಿಲೋಮೀಟರ್ ಸುಮಾರಿಗೆ ಸಮುದ್ರದ ನಡುವೆ ಎದ್ದಿರೋ ಬಂಡೆ ಅದು. ಇಂಗ್ಲಿಷರ ನಕ್ಷೆಯಲ್ಲಿ ಪಿಜನ್ ಐಲ್ಯಾಂಡ್. ಅವನಿಗೂ ಮುಂಚೆ ಟಿ.ಸಿ. ಜೆರ್ಡಾನ್ 1862ರ ತನ್ನ ಪುಸ್ತಕದಲ್ಲಿ ಅಲ್ಲಿನ ಕಡಲ ಹದ್ದುಗಳ ಬಗ್ಗೆ ಬರೆದಿದ್ದ. ಗೂಡಿನ ಮರಗಳ ಬುಡದಲ್ಲಿ ಹದ್ದುಗಳು ತಿಂದು ಬಿಸಾಕಿದ ಕಡಲಹಾವುಗಳ ಎಲುಬು ಹಾಸಿಕೊಂಡಿತ್ತಂತೆ.

ಹ್ಯೂಮನ ಕಥೆಯಲ್ಲಿ ನನ್ನಂಥ ಸಾಫ್ಟ್‌ವೇರಿನವನ ಎದೆ ಧಸಕ್ ಅನ್ನೋ ಭಾಗ ಬೇರೆ ಇದೆ. ಭಾರತದ ಎಲ್ಲ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥ ಬರೀಬೇಕು ಅಂತ ವರ್ಷಾನುಗಟ್ಟಲೆ ಸೇರಿಸಿಟ್ಟಿದ್ದ ಹಸ್ತಪ್ರತಿಗಳನ್ನ ಅವನು ಶಿಮ್ಲಾದ ಮನೆಯಲ್ಲಿ ಇಟ್ಟಿದ್ದ. ಅವನಿಲ್ಲದಾಗ ಮನೆಯ ಆಳು ಅದನ್ನ ತೂಕಕ್ಕೆ ಹಾಕಿ ರದ್ದಿ ಅಂತ ಬಜಾರಿನಲ್ಲಿ ಮಾರಿಬಿಟ್ಟ. ಬ್ಯಾಕಪ್ ಇರಲಿಲ್ಲ. ಹ್ಯೂಮ್ ಹಕ್ಕಿ ಕೆಲಸದ ಆಸೆ ಬಿಟ್ಟು, ಎಂಬತ್ತು ಸಾವಿರಕ್ಕೂ ಮೀರಿದ ಚರ್ಮ, ಮೊಟ್ಟೆಗಳ ಸಂಗ್ರಹವನ್ನೆಲ್ಲ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಅದೇ ವರ್ಷದ ಕೊನೆಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ. ರದ್ದಿ ಮಾರಿದ ಆಳಿನ ಪಾತ್ರ ಸ್ವಾತಂತ್ರ್ಯ ಹೋರಾಟದಲ್ಲಿ ಎಷ್ಟು ಅಂತ ಯಾರಾದರೂ ಪಿಎಚ್‌ಡಿ ಮಾಡಬೇಕು.

ನೇತ್ರಾಣಿಗೆ ಆಮೇಲೆ ಏನಾಯಿತು ಅಂದರೆ, ನಮ್ಮ ನೌಕಾಪಡೆ ಅದನ್ನ ಗುರಿ ಅಭ್ಯಾಸಕ್ಕೆ ಬಳಸಿತು. ಹಡಗಿನಿಂದ ಹಾರಿಸಿದ ಗುಂಡು ಬಂಡೆಗೆ ಬಡಿಯಬೇಕು. ಮೀನುಗಾರರು ಹರಕೆ ಹೊತ್ತು ಹೋಗಿ ಆಡು ಬಿಟ್ಟುಬರೋ ದೇವರ ಜಾಗ ಅದು. ಸುತ್ತಲಿನ ನೀರಲ್ಲಿ ಹವಳ, ಬಣ್ಣಬಣ್ಣದ ಮೀನು. ಈಗ ಮುರ್ಡೇಶ್ವರದಿಂದ ಸ್ಕೂಬಾ ಡೈವಿಂಗಿಗೆ ಜನ ಹೋಗೋದು ಅಲ್ಲಿಗೇ. ಗುಂಡಿನ ಬಗ್ಗೆ ಪರಿಸರದವರು, ಮೀನುಗಾರರು ದನಿ ಎತ್ತಿದರು. ಇಷ್ಟೆಲ್ಲ ಆದಮೇಲೂ ಈಚಿನ ವರ್ಷಗಳಲ್ಲಿ ಅಲ್ಲಿಗೆ ಹೋದ ಪಕ್ಷಿ ಅಧ್ಯಯನಕಾರರು ಹದ್ದಿನ ಗೂಡುಗಳನ್ನ ಕಂಡಿದ್ದಾರೆ. ಜೆರ್ಡಾನ್ ಕಂಡ ಹದ್ದುಗಳ ಎಷ್ಟನೇ ತಲೆಮಾರೋ ಅಲ್ಲೇ ಇದೆ.

ನಾವು ನಡೆದದ್ದು ನೇತ್ರಾಣಿಯ ಕಡೆಗಲ್ಲ, ಅದಕ್ಕೆ ಬಹಳ ಉತ್ತರಕ್ಕೆ. ಕುಡ್ಲೆಯಿಂದ ಗುಡ್ಡ ಹತ್ತಿ ಓಂ ಬೀಚಿಗೆ, ಅಲ್ಲಿಂದ ಬಂಡೆ ಅಂಚಿನ ಕಾಲುದಾರಿಯಲ್ಲಿ ಹಾಫ್ ಮೂನ್, ಪ್ಯಾರಡೈಸ್ ಕಡೆಗೆ. ಎಡಕ್ಕೆ ಒಣಹುಲ್ಲಿನ ಗುಡ್ಡ, ಬಲಕ್ಕೆ ಕೆಳಗೆ ಸಮುದ್ರ. ಒಂದೊಂದು ಕಡೆ ಜಲ್ಲಿ ಮೇಲೆ ಕಾಲು ಜಾರುತ್ತೆ. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಕೊಂಡು ಬರಿಗಾಲಲ್ಲಿ ನಮ್ಮೆಲ್ಲರಿಗಿಂತ ಮುಂದೆ. ನಾನು ಮೂರು ಸಾವಿರ ಕೊಟ್ಟು ತಂದ ಟ್ರೆಕ್ಕಿಂಗ್ ಶೂ ಹಾಕ್ಕೊಂಡು ಎರಡು ಸಲ ಬಿದ್ದೆ.

ಗೂಡು ಎಲ್ಲಿ ಕಂಡಿತು ಅಂತ ಬರೆಯೋದಿಲ್ಲ, ಬರೆದರೆ ಮುಂದಿನ ಭಾನುವಾರ ಡ್ರೋನ್ ಹಿಡಕೊಂಡು ಯಾರಾದರೂ ಹೋಗ್ತಾರೆ. ಒಂದು ಎತ್ತರದ ಮರ, ಕವಲಿನಲ್ಲಿ ಎತ್ತಿನಗಾಡಿ ಹುಲ್ಲು ಹೇರಿದಂಥ ಕಡ್ಡಿಗಳ ರಾಶಿ. ಮೊದಲು ದನಿ ಕೇಳಿತು. ಅಷ್ಟು ಗಂಭೀರ ಹಕ್ಕಿಗೆ ಬಾತುಕೋಳಿಯ ದನಿ! ಮಗಳು ನಗೋಕೆ ಶುರು ಮಾಡಿದಳು. ಆಮೇಲೆ ಸಮುದ್ರದ ಕಡೆಯಿಂದ ಇನ್ನೊಂದು ಬಂತು, ಉಗುರಲ್ಲಿ ಏನೋ ಉದ್ದಕ್ಕೆ ಜೋತಾಡ್ತಿತ್ತು. ರೆಕ್ಕೆ ಅಲ್ಲಾಡಿಸದೆ ಒಂದು ಸುತ್ತು ಹಾಕಿ ಗೂಡಿಗೆ ಇಳಿಯಿತು. ಹದಿನೈದು ನಿಮಿಷ ಯಾರೂ ಮಾತಾಡಲಿಲ್ಲ. ನನ್ನ ಹೆಂಡತಿ ಮೊಬೈಲ್ ತೆಗೆಯೋದನ್ನೂ ಮರೆತಿದ್ದಳು, ಅದೇ ದೊಡ್ಡ ಸಾಕ್ಷಿ.

"ಇದೂ ಹೋಗುತ್ತಾ ತಾತ, ಸೀಬರ್ಡಿಗೆ?" ಅಂತ ಮಗಳು ಕೇಳಿದಳು. ಆಟೋದ ಮಾತು ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು. ಅಪ್ಪ ಉತ್ತರ ಕೊಡಲಿಲ್ಲ. ಬಂಡೆ ಮೇಲೆ ಕೂತು ಬೀಡಿ ತೆಗೆದರು, ಹುಲ್ಲು ಒಣಗಿದ್ದು ನೋಡಿ ವಾಪಸ್ ಜೇಬಿಗೆ ಹಾಕಿದರು.

ನಮ್ಮೂರು ಮಲೇಬೆನ್ನೂರು ಕಡೆ, ಭದ್ರಾ ನಾಲೆಯ ಅಚ್ಚುಕಟ್ಟು. ನಾಲೆ ನೀರಿನ ಭತ್ತ ಮಾರಿಯೇ ಅಪ್ಪ ನನ್ನ ಬಿಇ ಫೀಸು ಕಟ್ಟಿದ್ದು. ಲಕ್ಕವಳ್ಳಿಯಲ್ಲಿ ಡ್ಯಾಮಿನ ಕೆಲಸ ಶುರುವಾಗಿದ್ದು 1947ರ ಹೊತ್ತಿಗೆ, ಪೂರ್ತಿಯಾಗಿದ್ದು ಅರವತ್ತರ ದಶಕದಲ್ಲಿ. ಕೆಲವು ಊರು ಮುಳುಗಿದವು. ಮುಳುಗದೆ ಉಳಿದ ಗುಡ್ಡದ ತಲೆಗಳು ನೀರಿನ ನಡುವೆ ದಿಬ್ಬಗಳಾದವು. ಬೇಸಿಗೆಯಲ್ಲಿ ನೀರು ಇಳಿದಾಗ ಸಾವಿರಾರು ನದಿ ರೀವಗಳು ಬಂದು ಆ ದಿಬ್ಬಗಳ ಕಲ್ಲು ಮಣ್ಣಿನ ಮೇಲೆ ಮೊಟ್ಟೆ ಇಡ್ತಾವೆ. ಅಲ್ಲಿರೋ ಪ್ರವಾಸಿ ಲಾಡ್ಜಿನ ಹೆಸರೇ ರಿವರ್ ಟರ್ನ್. ಮಗಳು ಟಿವಿಯಲ್ಲಿ ಕಂಡಂಥ ಹಕ್ಕಿಸಂತೆ ನಮ್ಮ ರಾಜ್ಯದಲ್ಲಿ ಎಲ್ಲಾದರೂ ಇದ್ದರೆ ಅದು ಸಮುದ್ರದಲ್ಲಲ್ಲ, ನಮ್ಮೂರಿಗೆ ನೀರು ಕೊಡೋ ಆ ಡ್ಯಾಮಿನಲ್ಲಿ. ಈ ವಿಷಯ ಅಲ್ಲೇ ಅಪ್ಪನಿಗೆ ಹೇಳಿದೆ.

"ನಾಲಿ ಬರಾಕಿಂತ ಮುಂಚೆ ನಮ್ಮ ಹೊಲದಾಗ ಬರೀ ಜ್ವಾಳ ಕಣಪ್ಪ. ನಿಮ್ಮಜ್ಜ ಅನ್ನ ಉಂಡಿದ್ದು ಹಬ್ಬಕ್ಕಷ್ಟೇ. ನಾಲಿ ಬಂದ್ಮ್ಯಾಲೆ ಪೂಜಿ ಮಾಡಿದ್ರು, ಬಾಗಿನ ಬಿಟ್ರು. ಆ ಕಡಿ ಮುಳುಗಿದೋವು ಯಾವ್ಯಾವ ಊರು ಅಂತ ನಾನು ಒಂದಿನಾನೂ ಕೇಳ್ಲಿಲ್ಲ ನೋಡು" ಅಂದರು ಅಪ್ಪ.

ನೌಕಾನೆಲೆ ಬೇಡ ಅನ್ನೋ ಧೈರ್ಯ ನನಗಿಲ್ಲ, ಹಾಗೆ ಅನ್ನಿಸೋದೂ ಇಲ್ಲ. ಡ್ಯಾಮು ಬೇಡ ಅನ್ನೋಕೆ ನನ್ನ ಹೊಟ್ಟೆಯೇ ಬಿಡೋದಿಲ್ಲ. ಆದರೆ ಉಂಡ ಅನ್ನ ಯಾವ ಊರಿನದ್ದು ಅಂತ ಹೆಸರಾದರೂ ಗೊತ್ತಿರಬೇಕಿತ್ತು ಅನ್ನಿಸಿ, ವಾಪಸ್ ನಡೆಯುವಾಗ ಮೊಬೈಲಿನಲ್ಲಿ ಹುಡುಕಿದೆ. ಸಿಗ್ನಲ್ ಇರಲಿಲ್ಲ.

ಮರುದಿನ ಕಾರವಾರದಿಂದ ರೈಲು. ಅಂಕೋಲಾ ದಾಟಿದ ಮೇಲೆ ಬಸ್ಸಿನ ಎಡಗಡೆ ನೆಲೆಯ ಗೋಡೆ ಶುರುವಾಯಿತು, ಅದರ ಮೇಲೆ ಮುಳ್ಳುತಂತಿ. ಗೋಡೆಯಾಚೆ ತೆಂಗಿನ ಮರಗಳ ತಲೆ ಕಾಣಿಸ್ತಿತ್ತು. ಸಾಲಾಗಿ, ಅಳತೆಯಿಟ್ಟು ಯಾರೋ ನೆಟ್ಟ ಮರಗಳೇ ಅವು. ಅಪ್ಪ ಎಣಿಸೋಕೆ ನೋಡಿದರು, ಬಸ್ಸು ಬಿಡಲಿಲ್ಲ.

ಬೆಂಗಳೂರಿಗೆ ಬಂದ ಮಾರನೇ ದಿನ ಸಂಜೆ ವಾಕಿಂಗ್ ಹೋದ ಅಪ್ಪ ಎಷ್ಟೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಲಿಂಗಧೀರನಹಳ್ಳಿ ಕಡೆ ಒಂದು ಅರಳಿಕಟ್ಟೆ ಮೇಲೆ ಇನ್ನೊಬ್ಬ ಮುದುಕರ ಜೊತೆ ಕೂತಿದ್ದರು. ನಮ್ಮ ಬಡಾವಣೆ ಬಿಡಿಎ ಮಾಡಿದ್ದು, ಅದಕ್ಕೂ ಮುಂಚೆ ಸುತ್ತಲಿನ ಹಳ್ಳಿಗಳ ಹೊಲ ಅದು ಅಂತ ಕಾಗದದಲ್ಲಿ ನನಗೆ ಗೊತ್ತಿತ್ತು. ಸೇಲ್ ಡೀಡಿನಲ್ಲಿ ಸರ್ವೆ ನಂಬರ್ ಇದೆ. ಅಪ್ಪ ನನ್ನನ್ನ ನೋಡಿ ಕೂತ್ಕೋ ಅಂತ ಕೈಮಾಡಿದರು. ಆ ಮುದುಕರು ಬೆರಳು ತೋರಿಸಿ ಹೇಳ್ತಿದ್ದರು, ಆ ನೀರಿನ ಟ್ಯಾಂಕ್ ಇದೆಯಲ್ಲ, ಅಲ್ಲಿಂದ ಈ ಕಡೆಗೆ ನಮ್ಮ ರಾಗಿ ಹೊಲ, ಬದುವಿನಲ್ಲಿ ಎರಡು ಹುಣಸೆಮರ. ನಮ್ಮ ಅಪಾರ್ಟ್‌ಮೆಂಟು ಆ ಟ್ಯಾಂಕಿನಿಂದ ಈ ಕಡೆಗೇ ಇರೋದು.

"ಎಷ್ಟ್ ಎಕರೆ ಇತ್ತು ನಿಮ್ದು?" ಅಂತ ಅಪ್ಪ ಕೇಳಿದರು.